ಅರಳುಮರಳೆಂದು ಕೈಬಿಡಬೇಡಿ

ಅರವತ್ತಕ್ಕೆ ಅರಳುಮರಳೆಂಬ ಗಾದೆ ನಮ್ಮ ಜನರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾ ನೋಡಿಕೊಂಡ ಹಿರಿಯರು ಪದೇಪದೇ ಲೆಕ್ಕ ತಪ್ಪಿದರೆ ಮಾಣಿಗಳಿಗೆ ಅದು ನಗೆ, ಧಣಿಗಳಿಗೆ ಸಂಶಯ. ಕೊನೆಗೆ ಊರಿನ ಬಸ್ಸು. ವೈದ್ಯರನ್ನು ಕೇಳದೆ ತೀರ್ಪು ಕೊಡುವ ಈ ಪದ್ಧತಿ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ವಯೋಸಹಜ ಮರೆವಿಗೂ ಮರೆಗುಳಿ ರೋಗಕ್ಕೂ ನಡುವೆ ಒಂದು ಸ್ಥಿತಿಯುಂಟು. ನೆನಪು ಕುಂದಿದ್ದರೂ ದಿನನಿತ್ಯದ ವ್ಯವಹಾರ ಸಾಗುತ್ತಿರುತ್ತದೆ. ಇಂಥವರಲ್ಲಿ ಕೆಲವರು ರೋಗಕ್ಕೆ ಜಾರುತ್ತಾರೆ. ಕೆಲವರು ಇದ್ದಂತೆಯೇ ಇರುತ್ತಾರೆ. ಕೆಲವರು ಚೇತರಿಸಿಕೊಳ್ಳುವುದೂ ಉಂಟು. ಜಾರುವವರು ಯಾರೆಂದು ಮುಂಚಿತವಾಗಿ ಊಹಿಸಲು ಈಗ ಮೆದುಳಿನ ಚಿತ್ರಗಳು ನೆರವಾಗುತ್ತಿವೆ. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕುಗ್ಗಿದ್ದರೆ ಎಂ.ಆರ್.ಐ. ಅದನ್ನು ತೋರಿಸುತ್ತದೆ. ಮೆದುಳು ಸಕ್ಕರೆಯನ್ನು ಬಳಸುವುದು ಎಲ್ಲಿ ತಗ್ಗಿದೆ, ಅಮಿಲಾಯ್ಡ್ ಎಂಬ ಪ್ರೋಟೀನು ಎಲ್ಲಿ ಶೇಖರವಾಗಿದೆ ಎಂಬುದನ್ನು ಬೇರೆಬೇರೆ ಪೆಟ್ ಪರೀಕ್ಷೆಗಳು ತಿಳಿಸುತ್ತವೆ. ಆದರೆ ಇವು ಸಂಭವವನ್ನು ಹೇಳುತ್ತವೆಯೇ ಹೊರತು ಹಣೆಬರಹವನ್ನಲ್ಲ.

ಅಳತೆಗೋಲು ಯಾರದೆಂಬುದೂ ಮುಖ್ಯ. ಇಂದಿನ ಅಳತೆಗಳಲ್ಲಿ ಬಹುಪಾಲು ಪಾಶ್ಚಾತ್ಯರಿಂದ, ಹೆಚ್ಚು ಓದಿದವರಿಂದ ಸಂಗ್ರಹವಾದುವು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದ ನಮ್ಮವರಿಗೆ ಅವು ಪೂರ್ತಿ ಹೊಂದುವುವೆನ್ನಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ವರ್ಷ ದಾಟಿದ ಹಳ್ಳಿಗರ ದೀರ್ಘಕಾಲದ ಅಧ್ಯಯನವನ್ನು 2018ರಲ್ಲಿ ಆರಂಭಿಸಿರುವುದು ಆದಕಾರಣ ಶ್ಲಾಘ್ಯವಾದುದು. ಅದರಲ್ಲಿ ಮೆದುಳಿನ ಚಿತ್ರಣವೂ ಸೇರಿದೆ.

ಮರೆವು ಕಂಡೊಡನೆ ದುಬಾರಿ ಚಿತ್ರಕ್ಕೆ ಹಣ ಸುರಿಯಿರೆಂದು ನಾವು ಹೇಳುವುದಿಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನೋವ್ಯಥೆ ಇವುಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಗ್ರಾಂಟ್ ರೋಡಿನಿಂದ ಒಂದೇ ಸ್ಟೇಷನ್ ದೂರದ ಮುಂಬಯಿ ಸೆಂಟ್ರಲ್ಲಿನಲ್ಲಿ ಮಹಾನಗರಪಾಲಿಕೆಯ ನಾಯರ್ ಆಸ್ಪತ್ರೆಯಿದೆ. ಮೊದಲು ಅಲ್ಲಿಗೆ ಹೋಗಲಿ; ಚಿತ್ರ ಬೇಕೋ ಬೇಡವೋ ವೈದ್ಯರು ನಿರ್ಧರಿಸಲಿ. ನೆನಪಿನ ಪರೀಕ್ಷೆ ಅರಿಯದ ಭಾಷೆಯಲ್ಲಿ ನಡೆದರೆ ಫಲಿತಾಂಶ ತಪ್ಪಾದೀತು. ಆದುದರಿಂದ ಹಿರಿಯರ ಮನೆಮಾತು ಬಲ್ಲವನೊಬ್ಬನು ಜೊತೆಗಿರಬೇಕು.

ಧಣಿಗಳು ಅದಕ್ಕಾಗಿ ಇಬ್ಬರಿಗೂ ಸಂಬಳ ಕಡಿಯದೆ ಒಂದು ದಿನದ ರಜೆ ಕೊಡಲಿ. ಗಲ್ಲಾದ ಹೊಣೆ ಹೆಚ್ಚೆಂದು ಕಂಡರೆ ಹಗುರವಾದ ಬೇರೆ ಕೆಲಸ ಕೊಡಲಿ. ಜೊತೆಗಾರರನ್ನು ಒದಗಿಸುವ ಭಾರವನ್ನು ನಮ್ಮ ಸಂಘಗಳು ವಹಿಸಿಕೊಳ್ಳುವುವೆಂದು ಹಾರೈಸುತ್ತೇವೆ.