ಗುಳಿಗೆ ನುಂಗಲಾಗದ ದಿನ

ಕಳೆದ ತಪಸ್ಸುಕಾಲದಲ್ಲಿ ಪರಮಪ್ರಸಾದ ಕೊಡಲು ಹೊರಟ ಫಾದರ್ ಜೊತೆ ನಾವು ಮಕ್ತಲ್ ಕಡೆಯ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ಅವ್ವನಿಗೆ ಕ್ಯಾನ್ಸರ್. ಪ್ರಸಾದದ ಸಣ್ಣ ಚೂರು ನುಂಗುವುದೂ ಕಷ್ಟವಾಗಿತ್ತು. ನೋವಿನ ಗುಳಿಗೆಗಳು ತಲೆದಿಂಬಿನ ಪಕ್ಕ ಹಾಗೇ ಬಿದ್ದಿದ್ದವು. ಸಲೈನ್ ಹಾಕಿಸಲು ಹೋದಾಗ ನರ ಸಿಗದೆ ಎರಡೂ ಕೈ ನೀಲಿಗಟ್ಟಿದ್ದವು. "ನುಂಗಾಕ ಆಗವಲ್ದು ಫಾದರ್, ಇನ್ನೇನ್ ಮಾಡಾದು?" ಎಂದ ಮಗ. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗರಿಗಳ ಭಾನುವಾರಕ್ಕೆ ಮುಂಚೆಯೇ ಅವ್ವ ತೀರಿಕೊಂಡರು.

ಉತ್ತರ ಇತ್ತು. ನರ್ಸಿಂಗ್ ಓದಿದ ನಮ್ಮ ಯುವಕೂಟದ ಅಕ್ಕ ಆಮೇಲೆ ಹೇಳಿದಳು: ಇದಕ್ಕೆ ನರವೇ ಬೇಕಿಲ್ಲ. ಚಿಟ್ಟೆಯ ರೆಕ್ಕೆಯಂಥ ಹಿಡಿಕೆಯಿರುವ ಸಣ್ಣ ಸೂಜಿಯನ್ನು ತೋಳು, ಎದೆ, ಹೊಟ್ಟೆ ಅಥವಾ ತೊಡೆಯ ಚರ್ಮದ ಕೆಳಗೆ ಇಟ್ಟು, ಮೇಲೆ ಪಾರದರ್ಶಕ ಪಟ್ಟಿ ಅಂಟಿಸುತ್ತಾರೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಹೋಗುವುದೂ ಚರ್ಮದ ಕೆಳಗೇ ಅಲ್ಲವೇ? ಈ ಸೂಜಿ ಮಾತ್ರ ಕೆಲವು ದಿನ ಅಲ್ಲೇ ಉಳಿಯುತ್ತದೆ. ಮಾರ್ಫಿನ್ ಆಗಲಿ, ವಾಂತಿ ನಿಲ್ಲಿಸುವ ಔಷಧವಾಗಲಿ ಅದರ ಕೊಳವೆಯಲ್ಲೇ ನಿಧಾನವಾಗಿ ಹೋಗುತ್ತದೆ. ಪ್ರತಿ ಸಲ ಚುಚ್ಚುವ ಹಿಂಸೆ ಇಲ್ಲ. ಬಾಯಲ್ಲಿ ಕೊಡುವ ಮಾರ್ಫಿನ್‌ಗಿಂತ ಇಲ್ಲಿ ಅರ್ಧ ಅಥವಾ ಅದಕ್ಕೂ ಕಡಿಮೆ ಸಾಕಾಗುವುದರಿಂದ ಪ್ರಮಾಣವನ್ನು ಡಾಕ್ಟರೇ ಬರೆಯಬೇಕು. ಮನೆಯವರು ದಿನಾ ಆ ಜಾಗ ನೋಡಬೇಕು. ಕೆಂಪಾದರೆ, ಊದಿದರೆ, ಗಟ್ಟಿಯಾದರೆ, ಔಷಧ ಸೋರಿದರೆ ನರ್ಸ್‌ಗೆ ಫೋನ್ ಮಾಡಬೇಕು. ಅಷ್ಟನ್ನು ಕಲಿಯಲು ನಮ್ಮಿಂದ ಆಗದೇ?

ನಮ್ಮ ಮಂದಿ ರಾಯಚೂರಿಗೋ ಹೈದರಾಬಾದಿಗೋ ಓಡಾಡಿ, ಸಾಲ ಮಾಡಿ, ಕೊನೆಗೆ "ಇನ್ನು ಮನೆಗೆ ಕರಕೊಂಡು ಹೋಗಿ" ಎಂಬ ಮಾತು ಕೇಳಿ ತಲೆತಗ್ಗಿಸಿ ಬರುತ್ತಾರೆ. ಕೇಳಬೇಕಾದ್ದು ಆ ಹೊತ್ತಿನಲ್ಲೇ: ನುಂಗಲಾಗದಿದ್ದರೆ ನೋವಿಗೆ ಏನು ಕೊಡುತ್ತೀರಿ, ಹೇಗೆ ಕೊಡುತ್ತೀರಿ? ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್ ವಿಭಾಗ ಇದೆ. ತೆಲಂಗಾಣದ ಹಲವು ಜಿಲ್ಲೆಗಳಲ್ಲಿ ಸರ್ಕಾರವೇ ಇಂಥ ಕೇಂದ್ರ ತೆರೆದಿದೆ. ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲು 2014ರಲ್ಲಿ ಕಾನೂನೂ ತಿದ್ದುಪಡಿಯಾಗಿದೆ.

ಮಾರ್ಫಿನ್ ಕೊಟ್ಟರೆ ಪಾಪ, ನೋವನ್ನು ದೇವರಿಗೆ ಒಪ್ಪಿಸಿ ಸುಮ್ಮನಿರಬೇಕು ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಭಕ್ತಿಯ ಬಗ್ಗೆ ನಮಗೆ ಗೌರವವಿದೆ. ಈ ಮಾತನ್ನು ಮಾತ್ರ ಒಪ್ಪಲಾರೆವು. ನೋವು ತಗ್ಗಿಸಲು ಇಂಥ ಔಷಧ ಕೊಡಬಹುದೆಂದು ಜಗದ್ಗುರು ಹನ್ನೆರಡನೇ ಪಯಸ್ 1957ರಲ್ಲೇ ಡಾಕ್ಟರುಗಳಿಗೆ ಹೇಳಿದ್ದರು.

ರೋಗಿಗಳ ಭೇಟಿಗೆ ಹೋಗುವಾಗ ನಾವು ಜಪಸರ, ಹಣ್ಣು ಒಯ್ಯುತ್ತೇವೆ. ಇನ್ನು ಮುಂದೆ ಜಿಲ್ಲಾ ಆಸ್ಪತ್ರೆಯ ಫೋನ್ ನಂಬರನ್ನೂ ಒಯ್ಯೋಣ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಅಕ್ಕ ಆ ಸೂಜಿ ತಂದು ತೋರಿಸುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದವರಿರುವ ಅಣ್ಣ ಅಕ್ಕಂದಿರು ಅರ್ಧ ಗಂಟೆ ನಿಲ್ಲಿ.