15,683 ಸಾಲು, ಕಟ್ಟಡ ಒಂದೂ ಇಲ್ಲ

ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ ಬಂದ ಮೇಲೆ ಉಡುಪಿ ಜಿಲ್ಲೆಯಲ್ಲಿ ಹಳೆಯ ಆಸೆಯೊಂದು ಮತ್ತೆ ಚಿಗುರಿದೆ. ಮಣಿಪಾಲಕ್ಕೆ ಹೇಗೂ ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ, ಕಾಪುವಿನಲ್ಲಿ ಕಡಲಿದೆ, ಕಾರ್ಕಳದಲ್ಲಿ ಕಲ್ಲಿದೆ; ನಡುವೆ ಎಲ್ಲಾದರೂ ಒಂದಿಷ್ಟು ಎಕರೆ ಗುರುತಿಸಿ ಅಂತರರಾಷ್ಟ್ರೀಯ ಕಲಾಗ್ರಾಮ ಕಟ್ಟಬಾರದೇಕೆ ಎಂಬ ಮಾತು. ಬಯಲು ರಂಗಮಂದಿರ, ಕುಟೀರಗಳು, ವಿದೇಶಿ ಕಲಾವಿದರು, ಸಂಜೆಗೊಂದು ಯಕ್ಷಗಾನ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ವಿನಿಮಯ ಧಾರಾಳವಾಗಿ ನಡೆಯಲಿ, ಗ್ರಾಮ ಕಟ್ಟುವುದು ಬೇಡ.

ಈ ಚರ್ಚೆಯಲ್ಲಿ ಯಾರೂ ಎತ್ತದ ಸಂಖ್ಯೆಯೊಂದಿದೆ: 15,683. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡದ ಮುಂದೆ ಹಾಡಿದ ಸಿರಿ ಮಹಾಕಾವ್ಯದ ಸಾಲುಗಳು ಇಷ್ಟು. ಹೋಮರನ ಇಲಿಯಡ್‌ನಲ್ಲಿ 15,693 ಸಾಲುಗಳಿವೆ. ಅಕ್ಷರ ಕಲಿಯದ ತುಳು ಕೃಷಿಕರೊಬ್ಬರು ಗ್ರೀಕ್ ಮಹಾಕಾವ್ಯಕ್ಕೆ ಹತ್ತೇ ಸಾಲು ಕಡಿಮೆ ಹಾಡಿದರು ಎಂಬ ಹೆಮ್ಮೆಯನ್ನು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿದ್ದೇವೆ. ಹೆಮ್ಮೆ ಇರಲಿ. ಆದರೆ ಹೋಲಿಸಬೇಕಾದದ್ದು ಹೋಮರನ ಜೊತೆಗಲ್ಲ, ಅದೇ ನಾಯ್ಕರ ಇನ್ನೊಂದು ಪಾಠದ ಜೊತೆಗೆ. ಅದಕ್ಕೂ ಕೆಲವು ವರ್ಷ ಮೊದಲು ಅವರು ಇದೇ ಕಥೆಯನ್ನು ಬಾಯಲ್ಲಿ ಹೇಳಿ ಬರೆಸಿದ್ದರು. ಆ ಪಾಠ ಇದರ ಸುಮಾರು ಅರ್ಧದಷ್ಟೇ ಉದ್ದವಿತ್ತು.

ಹಾಡುಗಾರ ಅವರೇ, ಕಥೆ ಅದೇ. ಹಾಗಾದರೆ ಕಾವ್ಯ ಇಮ್ಮಡಿಯಾದದ್ದು ಹೇಗೆ? ಮೊದಲ ಸಲ ಬರೆದುಕೊಳ್ಳುವವರ ಕೈಯ ವೇಗಕ್ಕೆ ಅವರು ಬಾಯನ್ನು ತಡೆದು ತಡೆದು ಸಾಗಬೇಕಿತ್ತು. ಎರಡನೆಯ ಸಲ ಮುಂದೆ ಧ್ವನಿಮುದ್ರಣ ಯಂತ್ರವಿತ್ತು, ದಿನಗಟ್ಟಲೆ ಬಿಡುವಿತ್ತು, ಸಾಕು ಎನ್ನದೆ ಕೂತು ಕೇಳುವವರಿದ್ದರು. ದಿನ ಕಳೆದಂತೆ ಸಂಧಿಯ ಮೇಲೆ ಸಂಧಿ ಬಿಚ್ಚಿಕೊಂಡಿತು. ಅದಕ್ಕಾಗಿ ಯಾರೂ ರಂಗಮಂದಿರ ಕಟ್ಟಲಿಲ್ಲ. ಅವರ ಊರೇ ಸಾಕಾಯಿತು. ತಂಡದಲ್ಲಿದ್ದ ವಿವೇಕ ರೈ, ಚಿನ್ನಪ್ಪ ಗೌಡ, ಅನ್ನೆಲಿ ಹೊಂಕೊ ಅವರು ಆಮೇಲೆ ವರ್ಷಗಟ್ಟಲೆ ಕೂತು ಲಿಪ್ಯಂತರ, ಅನುವಾದ ಮಾಡಿದರು. 1998ರಲ್ಲಿ ಹೆಲ್ಸಿಂಕಿಯಿಂದ ಸಂಪುಟಗಳು ಹೊರಬಂದವು. ಒಂದು ಕಾವ್ಯಕ್ಕೆ ಎಂಟು ವರ್ಷ! ಮೂರು ದಿನದ ಉತ್ಸವಕ್ಕೆ ಅನುದಾನ ಕೊಟ್ಟು ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ ಕೇಳುವ ಇಲಾಖೆಗೆ ಇದು ಅರ್ಥವಾಗುವ ಲೆಕ್ಕವೇ?

ಹೊಂಕೊ ಈ ಕಡೆಗೆ ಬಂದದ್ದೂ ಆಕಸ್ಮಿಕವಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಜಾನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರ ಕಟ್ಟಿದ್ದರು. ಕ್ಷೇತ್ರಕಾರ್ಯ ಬಲ್ಲ ಜನ ಇಲ್ಲಿ ತಯಾರಾಗಿದ್ದರು. ಅದಕ್ಕೂ ಮೊದಲು ಅಮೆರಿಕದ ಮಾರ್ತಾ ಆಷ್ಟನ್ ಬಂದು ಮದ್ದಳೆಗಾರ ಹಿರಿಯಡ್ಕ ಗೋಪಾಲ ರಾಯರ ಬಳಿ ಶಿಷ್ಯೆಯಾಗಿ ಯಕ್ಷಗಾನ ಕಲಿತರು. ಬ್ರೂಸ್ ಕ್ರಿಸ್ಟಿ ಜೊತೆಗೂಡಿ ಅವರು ಬರೆದ ಪುಸ್ತಕ 1977ರಲ್ಲಿ ಬಂತು. ಮದ್ದಳೆಯ ಆ ಹಿರಿಯರು ನೂರು ದಾಟಿ ಬದುಕಿ 2020ರಲ್ಲಿ ತೀರಿಕೊಂಡರು. ಈ ವಿನಿಮಯಕ್ಕೆ ಖರ್ಚಾದದ್ದು ಮುಖ್ಯವಾಗಿ ಇಬ್ಬರ ಸಮಯ. ನಮ್ಮ ಯೋಜನಾ ವರದಿಗಳಲ್ಲಿ ಸಮಯಕ್ಕೆ ಮಾತ್ರ ಕಾಲಂ ಇಲ್ಲ.

ಕಟ್ಟಡದ ಕಡೆಯವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ತೋರಿಸುತ್ತಾರೆ. ವಿಜಯನಾಥ ಶೆಣೈ ಅವರದು ಅಸಾಮಾನ್ಯ ಸಾಹಸ, ಅನುಮಾನವಿಲ್ಲ. ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್‌ಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದರು. ಆದರೆ ಅದು ಸಂಗ್ರಹಾಲಯ, ಹಾಗೆಂದೇ ಹೇಳಿಕೊಳ್ಳುತ್ತದೆ. ಆ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ಅದನ್ನು ಸಮುದಾಯದ ಮಾದರಿ ಎನ್ನುವುದು ಶೆಣೈ ಅವರಿಗೂ ನ್ಯಾಯವಲ್ಲ.

ಕಾರ್ಕಳದ ಬೈಲೂರು ಉಮಿಕ್ಕಳ ಗುಡ್ಡದ ಪರಶುರಾಮ ಥೀಮ್ ಪಾರ್ಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರ ಜನವರಿಯಲ್ಲಿ ಉದ್ಘಾಟನೆಯಾದ 33 ಅಡಿಯ ಪರಶುರಾಮ ಮೂರ್ತಿಯ ಮೇಲ್ಭಾಗವನ್ನು ಅದೇ ವರ್ಷ ಇಳಿಸಲಾಯಿತು. ಮೂರ್ತಿ ಕಂಚಿನದ್ದೋ ಅಲ್ಲವೋ ಎಂಬುದು ಪೊಲೀಸ್ ಕಡತ ಸೇರಿತು. ತಪ್ಪು ಯಾರದೆಂದು ನ್ಯಾಯಾಲಯ ನೋಡಿಕೊಳ್ಳಲಿ. ನನಗೆ ವಿಚಿತ್ರವೆನಿಸುವುದು ಬೇರೆ: ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರ ತಾಲ್ಲೂಕಿದು, ಧರ್ಮಸ್ಥಳದ ಬಾಹುಬಲಿಯನ್ನು ಅವರು ಕಡೆದದ್ದು ಇಲ್ಲಿ. ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ಬೆಂಬಲದ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹದಲ್ಲಿ ಹುಡುಗರನ್ನು ತರಬೇತುಗೊಳಿಸುತ್ತಿದೆ. ಥೀಮ್ ಪಾರ್ಕ್ ವಾದವಿವಾದಗಳಲ್ಲಿ ಆ ಹುಡುಗರ ಹೆಸರು ಎಷ್ಟು ಸಲ ಬಂತು?

‘ಪ್ರವಾಸಿಗೆ ಕಣ್ಣಿಗೆ ಕಾಣುವಂಥದ್ದು ಬೇಕು, ಉದ್ಯೋಗ ಬೇಕು’ ಎಂಬ ಆಕ್ಷೇಪ ಬರುತ್ತದೆ. ಉದ್ಯೋಗ ಬೇಕು, ನಿಜ. ಹಾಗಿದ್ದರೆ 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗದ ಕೆಲಸ ನೋಡಿ. ಮೇಳದ ಕಲಾವಿದರಿಗೆ ಯಕ್ಷನಿಧಿಯ ಆಸರೆ, ಬಡ ವಿದ್ಯಾರ್ಥಿಗಳಿಗೆ ವಿದ್ಯಾಪೋಷಕ್, ಸೂರಿಲ್ಲದವರಿಗೆ ಮನೆ. ಇಂದ್ರಾಳಿಯ ಯಕ್ಷಗಾನ ಕೇಂದ್ರದಲ್ಲಿ ಬನ್ನಂಜೆ ಸಂಜೀವ ಸುವರ್ಣರ ಗುರುಕುಲವಿದೆ. ಹಗಲು ಶಾಲೆಗೆ ಹೋಗುವ ಮಕ್ಕಳು ಅಲ್ಲೇ ಉಂಡು, ಮಲಗಿ, ಹೆಜ್ಜೆ ಕಲಿಯುತ್ತಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯವರು ಯಕ್ಷಗಾನಕ್ಕೆ ಹುಡುಕಿಕೊಂಡು ಬರುವುದು ಇಲ್ಲಿಗೇ. ಕಲೆಯ ಸುತ್ತ ಬದುಕುವ ಸಮುದಾಯ ಅಂದರೆ ಇದು. ಇದಕ್ಕೆ ಗ್ರಾಮ ಎಂಬ ಫಲಕವಿಲ್ಲ, ಅಷ್ಟೇ.

ಹಳೆಯ ವಿನಿಮಯದಲ್ಲಿ ದೋಷವೇ ಇರಲಿಲ್ಲ ಎಂದೂ ನಾನು ಹೇಳುವುದಿಲ್ಲ. ಸಿರಿಯ ಸಂಪುಟಗಳು ರೋಮನ್ ಲಿಪಿಯ ತುಳುವಿನಲ್ಲಿ, ಇಂಗ್ಲಿಷ್ ಅನುವಾದದೊಂದಿಗೆ ಬಂದವು. ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆಗೆ ಸೇರುವ ಹೆಂಗಸರ ಕೈಗೆ ಅವು ತಲುಪುವ ಪುಸ್ತಕಗಳಲ್ಲ. ಈ ಕೊರತೆಗೆ ಫಿನ್ಲೆಂಡಿನವರನ್ನು ದೂರಿ ಫಲವಿಲ್ಲ. ಕರಾರು ಹಾಕಬೇಕಾಗಿದ್ದವರು ನಾವು.

ಆದ್ದರಿಂದ ಸರ್ಕಾರಕ್ಕೆ ನಿಜಕ್ಕೂ ಹಣ ಸುರಿಯುವ ಮನಸ್ಸಿದ್ದರೆ ಜಾಗದ ಹುಡುಕಾಟ ನಿಲ್ಲಿಸಿ ಕರಾರುಪತ್ರ ಬರೆಯಲಿ. ಹೊರಗಿನಿಂದ ಬರುವವರು ಕನಿಷ್ಠ ಎರಡು ವರ್ಷ ಇರಬೇಕು, ತುಳುವನ್ನೋ ಕನ್ನಡವನ್ನೋ ಕಲಿಯಬೇಕು. ಕಲಿಸುವ ಗುರುವಿಗೆ, ಅದು ಗುರುಕುಲದ ಭಾಗವತರಿರಲಿ, ಕಾಪು ಸೀಮೆಯಲ್ಲಿ ಕೋಲ ಕಟ್ಟುವ ಪಂಬದರಿರಲಿ, ತಿಂಗಳ ಸಂಬಳ ಆ ಎರಡು ವರ್ಷವೂ ತಪ್ಪದೆ ಬರಬೇಕು. ಧ್ವನಿಮುದ್ರಣದ ಒಂದು ಪ್ರತಿ, ಕನ್ನಡ ಲಿಪಿಯ ಪಾಠದ ಜೊತೆ, ವಿಮಾನ ಹತ್ತುವ ಮುನ್ನ ಉಡುಪಿಯಲ್ಲಿ ಠೇವಣಿಯಾಗಬೇಕು. ಈ ಬಾಬ್ತಿಗೆ ಮಾರ್ಚ್ 31ರ ಗಡುವು ಅನ್ವಯಿಸುವುದಿಲ್ಲ ಎಂದು ಹಣಕಾಸು ಇಲಾಖೆ ಒಂದು ಸಾಲು ಬರೆದುಕೊಡಲಿ. ಅಷ್ಟಾದ ಮೇಲೂ ದುಡ್ಡು ಉಳಿದರೆ ಇಂದ್ರಾಳಿಯ ಮಕ್ಕಳಿಗೆ ಇನ್ನೊಂದು ಹಾಸ್ಟೆಲ್ ಕಟ್ಟಲಿ. ಆ ಕಟ್ಟಡಕ್ಕೆ ನನ್ನ ತಕರಾರಿಲ್ಲ.