ಕಿವಿಯಿಲ್ಲದ ಪೆಟ್ಟಿಗೆ

ನಮ್ಮ ಮನೆಯಲ್ಲಿ ರೇಡಿಯೋದ ತಿರುಗಣಿಗೆ ಮೊದಲಿನಿಂದಲೂ ಕಿವಿ ಎಂದೇ ಹೆಸರು. ಧಾರವಾಡ ಸಿಗಲಿಲ್ಲ ಅಂದರೆ ಬಲಗಿವಿ ಹಿಂಡಬೇಕು, ದನಿ ಜೋರಾಯಿತು ಅಂದರೆ ಎಡಗಿವಿ. ಹೋದ ವರ್ಷ ಮಗ ಗದಗಿನ ಬೆಟಗೇರಿಯ ಮನೆಗೆ ಬಂದವನು ಪಡಸಾಲೆ, ಅಡಿಗೆಮನೆ, ಅಟ್ಟ ಮೂರೂ ಕಡೆ ಹಾಡು ಕೇಳುವ ವ್ಯವಸ್ಥೆ ಕೂಡಿಸಿ, ಅದನ್ನು ನಡೆಸಲು ಹತ್ತಿಂಚಿನ ಟ್ಯಾಬ್ಲೆಟ್ಟೊಂದನ್ನು ತನ್ನ ಅಜ್ಜಿಯ, ಅಂದರೆ ನನ್ನ ಅವ್ವನ, ಕೈಯಲ್ಲಿಟ್ಟ. ಅವ್ವ ಅದನ್ನು ಹಿಂದೆ ಮುಂದೆ ತಿರುವಿ, ಅಂಚಿನ ಮೇಲೆ ಬೆರಳಾಡಿಸಿ ಕೇಳಿದ್ದು ಒಂದೇ ಮಾತು:

“ಇದರ ಕಿವಿ ಎಲ್ಲೈತೋ ತಮ್ಮಾ?”

ನಾವೆಲ್ಲ ನಕ್ಕೆವು. ಆದರೆ ಆ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಮನೆಯೊಳಗೆ ಹಾಡು ನಡೆಯುತ್ತಿರುವಾಗ ಅದನ್ನು ನಿಲ್ಲಿಸುವ, ಸಣ್ಣ ಮಾಡುವ, ಬದಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು? ಗಾಜಿನ ಹಲಗೆಯೊಂದು ಆ ಅಧಿಕಾರವನ್ನು ಎಲ್ಲರಿಗೂ ಹಂಚುತ್ತದೆಯೋ, ಇಲ್ಲ ಒಬ್ಬರಿಬ್ಬರ ಬೆರಳ ತುದಿಗೆ ಕಟ್ಟಿಹಾಕುತ್ತದೆಯೋ?

ಮೊದಲು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಿಬಿಡಬೇಕು, ಯಾಕೆಂದರೆ ಹೆಚ್ಚಿನವರು ಹಾಡು ಟ್ಯಾಬ್ಲೆಟ್ಟಿನಿಂದಲೇ ಬರುತ್ತದೆ ಎಂದು ತಿಳಿದಿರುತ್ತಾರೆ. ಹಾಗಲ್ಲ. ಇಲ್ಲಿ ಮೂವರು ಆಳುಗಳಿದ್ದಾರೆ. ಒಬ್ಬ ಉಗ್ರಾಣದವನು: ಹಾಡುಗಳೆಲ್ಲ ತುಂಬಿರುವ ಪುಟ್ಟ ಕಂಪ್ಯೂಟರ್, ನಮ್ಮಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ. ಇನ್ನೊಬ್ಬ ಹಾಡುವವನು: ಸ್ಪೀಕರಿಗೆ ಕಟ್ಟಿದ ಪ್ಲೇಯರ್. ಮೂರನೆಯವನು ಬರೀ ಹುಕುಂ ಕೊಡುವವನು, ಅವನೇ ಟ್ಯಾಬ್ಲೆಟ್. “ಇದನ್ನು ತೆಗೆ, ಅಲ್ಲಿ ಹಾಡು” ಎಂದು ಹೇಳಿ ಅವನು ಮಲಗಿದರೂ ಉಗ್ರಾಣದಿಂದ ಪ್ಲೇಯರಿಗೆ ಹಾಡು ನೇರವಾಗಿ ಹರಿಯುತ್ತಿರುತ್ತದೆ. ಒಂದು ಸಂಜೆ ಬೀಗರು ಬಂದಾಗ ಅವ್ವ ಹಾಡು ನಿಲ್ಲಲೆಂದು ಟ್ಯಾಬ್ಲೆಟ್ಟನ್ನು ಮುಚ್ಚಿ, ಟವೆಲ್ಲು ಸುತ್ತಿ ಟ್ರಂಕಿನಲ್ಲಿಟ್ಟಳು. ಹಾಡು ನಿಲ್ಲಲಿಲ್ಲ. ಬೀಗರ ಕುಶಲ ಸಮಾಚಾರವನ್ನು ನಾವು ಆವತ್ತು ಕೂಗಿ ಕೂಗಿಯೇ ವಿಚಾರಿಸಬೇಕಾಯಿತು.

ಹೀಗೆ ಹುಕುಮನ್ನು ದನಿಯಿಂದ ಬೇರೆ ಮಾಡುವುದು ಟ್ಯಾಬ್ಲೆಟ್ಟುಗಳಿಗಿಂತ ಹಳೆಯ ವಿದ್ಯೆ. ಸ್ಲಿಮ್ ಡಿವೈಸಸ್ ಎಂಬ ಕಂಪನಿ 2001ರಲ್ಲೇ ಮನೆಯ ನೆಟ್‌ವರ್ಕಿನ ಮೇಲೆ ಹಾಡು ಕಳಿಸುವ ಪೆಟ್ಟಿಗೆ ಮಾಡಿತ್ತು. ಸೋನೋಸ್ ಕಂಪನಿ 2005ರಲ್ಲಿ ತಂದ ಕೈಸಾಧನದಲ್ಲಿ ಪರದೆಯ ಜೊತೆ ಗುಂಡಿಗಳೂ ಬೆರಳಿನಿಂದ ತಿರುಗಿಸುವ ಚಕ್ರವೂ ಇದ್ದವು. 2010ರಲ್ಲಿ ಐಪ್ಯಾಡ್ ಬಂತು, ಗುಂಡಿ ಚಕ್ರಗಳೆಲ್ಲ ಗಾಜಿನೊಳಗೆ ಚಿತ್ರಗಳಾಗಿ ಹೋದವು. ಅಗ್ಗವಾಯಿತು, ಚಂದವೂ ಆಯಿತು. ಕಿವಿ ಮಾತ್ರ ಹೋಯಿತು.

ಟ್ಯಾಬ್ಲೆಟ್ಟನ್ನು ಬೈಯುವುದು ನನ್ನ ಉದ್ದೇಶವಲ್ಲ. ಹುಡುಕುವ ಕೆಲಸಕ್ಕೆ ಅದರಷ್ಟು ಒಳ್ಳೆಯ ಆಳು ಸಿಗಲಾರ. ಸಿಡಿಯ ಗುಣಮಟ್ಟ ಕೆಡದಂತೆ ಒತ್ತಿಟ್ಟರೂ ಒಂದು ತಾಸಿನ ಸಂಗೀತಕ್ಕೆ ಸುಮಾರು 300 ಎಂಬಿ ಸಾಕು. ಒಂದು ಟೆರಾಬೈಟಿನ ತಟ್ಟೆಯಲ್ಲಿ ಹತ್ತಿರ ಹತ್ತಿರ 3000 ತಾಸು ಹಿಡಿಯುತ್ತದೆ, ಅಂದರೆ ದಿನಕ್ಕೊಂದು ತಾಸಿನಂತೆ ಕೇಳಿದರೆ ಎಂಟು ವರ್ಷದ ಬುತ್ತಿ. ಇಷ್ಟು ದೊಡ್ಡ ಕಣಜದಲ್ಲಿ ಬೇಕಾದ ಕಾಳು ಆರಿಸಲು ಎರಡು ಗುಂಡಿಯ ರಿಮೋಟು ಸಾಲದು. ಮಂಡಿನೋವಿನವರು ಎದ್ದು ಹೋಗಬೇಕಿಲ್ಲ, ಮಂದಗಣ್ಣಿನವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಇದೆಲ್ಲ ಒಪ್ಪಿದ ಮಾತು.

ಆದರೆ ಆರಿಸುವುದಕ್ಕೂ ಕೇಳುವುದಕ್ಕೂ ನಡುವೆ ಒಂದು ಹೊಸ್ತಿಲಿದೆ. ಗದಗಿನವರಿಗೆ ಇದನ್ನು ದೂರದ ಉದಾಹರಣೆ ಕೊಟ್ಟು ವಿವರಿಸಬೇಕಿಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಜೋಶಿ ಮಾಸ್ತರರ ಮಗ, ಮುಂದೆ ಹೆಸರಾಂತ ಗಾಯಕನಾದ ಭೀಮಸೇನ, ಅಂಗಡಿಯೊಂದರಲ್ಲಿ ಹಚ್ಚುತ್ತಿದ್ದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಗೆ ಮರುಳಾದ ಕಥೆ ಎಲ್ಲರಿಗೂ ಗೊತ್ತು. ಝಿಂಝೋಟಿ ರಾಗದ ಠುಮ್ರಿ, ತಟ್ಟೆಯ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ. ಆ ಹುಡುಗನ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಯಾವಾಗ ಹಚ್ಚಬೇಕು, ಯಾವಾಗ ಮುಳ್ಳು ಎತ್ತಬೇಕು ಎಲ್ಲ ಅಂಗಡಿಯವನ ಮರ್ಜಿ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಗುರುವನ್ನು ಹುಡುಕಿ ಮನೆ ಬಿಟ್ಟ. ಎಲ್ಲೆಲ್ಲೋ ಅಲೆದು, ಕಡೆಗೆ 1936ರಲ್ಲಿ ಊರಿಗೆ ಹತ್ತಿರದ ಕುಂದಗೋಳದಲ್ಲೇ, ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಮನೆ ಸೇರಿದ.

ಹಾಗಂತ ಬಡತನವೇ ಸಂಗೀತಕ್ಕೆ ಗೊಬ್ಬರ ಎಂದು ಹಾಡಿ ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಅಂಗಡಿಯ ಮುಂದೆ ನಿಂತು ಅದೇ ತಟ್ಟೆ ಕೇಳಿದ ಎಷ್ಟೋ ಮಂದಿ ಏನೂ ಆಗದೆ ಮನೆಗೆ ಹೋಗಿ ಉಂಡು ಮಲಗಿದರು. ನನ್ನ ಮಾತು ಇಷ್ಟೇ: ಮೂರು ನಿಮಿಷದ ಹಾಡನ್ನು ತಾನು ನಡೆಸಲಾರೆ ಎಂಬ ಸ್ಥಿತಿಯಲ್ಲಿ ಕಿವಿಗೆ ಬೇರೆ ಕೆಲಸವಿರುವುದಿಲ್ಲ. ಟ್ಯಾಬ್ಲೆಟ್ ತೊಡೆಯ ಮೇಲಿದ್ದಾಗ ನನಗೆ ಆಗುವುದು ಇದಕ್ಕೆ ತಿರುವುಮುರುವು. ಆಲಾಪ ಇನ್ನೂ ಮಂದ್ರದಲ್ಲಿರುತ್ತದೆ, ಬೆರಳು ಆಗಲೇ ಮುಂದಿನದೇನು ಎಂದು ಪಟ್ಟಿ ಸರಿಸುತ್ತಿರುತ್ತದೆ. ಹಾಡು ಕೇಳಲು ಕೂತವನು ಗುಮಾಸ್ತನಾಗಿ ಎದ್ದು ಬರುತ್ತೇನೆ.

ಇನ್ನು ಆ ಪಟ್ಟಿಯ ವಿಷಯ. ಭೀಮಸೇನ ಚಿಕ್ಕವನಿದ್ದಾಗ ಭಜನೆಯ ಮೆರವಣಿಗೆಯ ಬೆನ್ನುಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದನಂತೆ. ಬೇಸತ್ತ ತಂದೆ ಅಂಗಿಯ ಮೇಲೇ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿಟ್ಟರು, ಕಂಡವರು ಮನೆಗೆ ತಂದು ಮುಟ್ಟಿಸಲಿ ಎಂದು. ಹಾಡಿನ ಕಡತಗಳಿಗೂ ಇಂಥದೇ ಅಂಗಿಬರಹವಿದೆ, ಟ್ಯಾಗ್ ಅನ್ನುತ್ತಾರೆ. ಎಂಪಿ3ಗೆ 1996ರಲ್ಲಿ ಮೊದಲ ಟ್ಯಾಗ್ ಹೊಲಿದದ್ದು ಎರಿಕ್ ಕೆಂಪ್ ಎಂಬಾತ. ಕಡತದ ಬಾಲಕ್ಕೆ 128 ಬೈಟಿನ ಚೀಟಿ. ಹಾಡಿನ ಹೆಸರಿಗೆ 30, ಹಾಡಿದವರಿಗೆ 30, ಆಲ್ಬಮ್ಮಿಗೆ 30. ಇವತ್ತು ರೂಢಿಯಲ್ಲಿರುವ ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಗಾಯಕ ಮನಸೂರರ ‘ಮಲ್ಲಿಕಾರ್ಜುನ’ ಎಂಬ ಹೆಸರೊಂದೇ 36 ಬೈಟು ತಿನ್ನುತ್ತದೆ, ಮನಸೂರರು ಅಂಗಿಯಿಂದಾಚೆ. ಪ್ರಕಾರಗಳ ಪಟ್ಟಿಯಲ್ಲಿ 80 ಬಗೆಗಳಿದ್ದವು, ಹಿಂದೂಸ್ತಾನಿ ಇರಲಿಲ್ಲ. ಆಮೇಲಿನ ಟ್ಯಾಗುಗಳಲ್ಲಿ ಜಾಗಕ್ಕೆ ಬರವಿಲ್ಲ, ನಿಜ. ಆದರೆ ಅಂಗಿಯ ಅಳತೆ ಮಾತ್ರ ಆಲ್ಬಮ್ಮಿನದೇ. ರಾಗಕ್ಕೊಂದು, ತಾಳಕ್ಕೊಂದು, ಹೊತ್ತಿಗೊಂದು ಜೇಬು ಬೇಕೆಂದರೆ ನಾವೇ ಹೊಲಿದುಕೊಳ್ಳಬೇಕು. ವಚನ ಬರೆದವರು ಬಸವಣ್ಣ, ರಾಗ ಹಾಕಿದವರು ಒಬ್ಬರು, ಹಾಡಿದವರು ಮತ್ತೊಬ್ಬರು. ಈ ಮೂವರಲ್ಲಿ ‘ಆರ್ಟಿಸ್ಟ್’ ಯಾರು?

ನಮ್ಮ ಟ್ಯಾಬ್ಲೆಟ್ಟಿನಲ್ಲಿ ಮನ್ಸೂರ್, ಮನಸೂರ, ಮನ್ಸೂರ, ಮತ್ತೆ ಇಂಗ್ಲಿಷಿನ ಎರಡು ಬಗೆ ಸೇರಿ ಐದು ಮಂದಿ ಮಲ್ಲಿಕಾರ್ಜುನರಿದ್ದರು. ಪುಟ್ಟರಾಜ ಗವಾಯಿಗಳು ನಾಲ್ವರು. ಎರಡು ಭಾನುವಾರ ಕೂತು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾಡಿದೆ. ಅದಕ್ಕಿಂತ ದೊಡ್ಡ ತೊಂದರೆ ‘ಷಫಲ್’ ಎಂಬ ಗುಂಡಿಯದು. ಸಿಡಿಯವರು ಒಂದೇ ರಾಗದ ವಿಲಂಬಿತವನ್ನು ಒಂದು ಕಡತ, ದ್ರುತವನ್ನು ಇನ್ನೊಂದು ಕಡತ ಮಾಡಿರುತ್ತಾರೆ. ಕಲಸಿ ಹಚ್ಚಿದರೆ ದರ್ಬಾರಿಯ ದ್ರುತ, ಆಮೇಲೆ ತೋಡಿಯ ಆಲಾಪ, ನಡುವೆ ಒಂದು ಜಾಹೀರಾತಿನ ಹಾಡು. ಊಟಕ್ಕೆ ಕೂತವನಿಗೆ ಮೊದಲು ಎಲೆ ಅಡಿಕೆ ಕೊಟ್ಟು, ಕೈ ತೊಳೆಸಿ, ಆಮೇಲೆ ರೊಟ್ಟಿ ಬಡಿಸಿದ ಹಾಗೆ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಅಂಗಳದಲ್ಲಿ ಪುಲಿಗೆರೆ ಉತ್ಸವದ ನಸುಕಿನ ಸಂಗೀತಕ್ಕೆ ಕೂತವರಿಗೆ ಹೊತ್ತು ಅಂದರೆ ಏನು ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಯಂತ್ರಕ್ಕೆ ಗಡಿಯಾರ ಗೊತ್ತು, ಹೊತ್ತು ಗೊತ್ತಿಲ್ಲ.

ನನ್ನ ವಾದದ ಗಟ್ಟಿ ಭಾಗ ಬೇರೆಯೇ ಇದೆ, ಅದು ಬೆರಳಿಗೆ ಸಂಬಂಧಿಸಿದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ (1892–1944) ಕಣ್ಣು ಕಾಣುತ್ತಿರಲಿಲ್ಲ. ಅವರ ನಂತರ ಅದನ್ನು ನಡೆಸಿದ ಪುಟ್ಟರಾಜರಿಗೂ (1914–2010) ಕಾಣುತ್ತಿರಲಿಲ್ಲ. ಅಲ್ಲಿ ಕಲಿತ ಅಂಧ ಮಕ್ಕಳು ಎಷ್ಟೋ ಊರುಗಳ ಶಾಲೆ, ಮಠ, ಗುಡಿಗಳಲ್ಲಿ ಪಾಠ ಹೇಳುತ್ತಿದ್ದಾರೆ. ಹಾರ್ಮೋನಿಯಂ ನೋಡಿ. ಕರಿಮನೆ ಉಬ್ಬಿದೆ, ಬಿಳಿಮನೆ ತಗ್ಗಿದೆ, ಬೆರಳು ಇಟ್ಟ ಕೂಡಲೇ ಎಲ್ಲಿದ್ದೇನೆಂದು ತಿಳಿಯುತ್ತದೆ. ತಂಬೂರಿಯ ಬಿರಡೆ ಕೈಗೆ ಸಿಗುತ್ತದೆ. ತಬಲಾದ ಕರಣೆ ಬೆರಳಿಗೆ ಒರಟಾಗಿ ತಾಗುತ್ತದೆ. ಹಾಡಿನ ಪ್ರಪಂಚದ ಹತ್ಯಾರಗಳೆಲ್ಲ ಕಣ್ಣು ಮುಚ್ಚಿಯೂ ಬಳಸಬಹುದಾದವು. ಅಂಥ ಪ್ರಪಂಚಕ್ಕೆ ನಾವು ತಂದ ಹೊಸ ಹತ್ಯಾರ ಯಾವುದು? ನಾಲ್ಕೂ ಕಡೆ ಒಂದೇ ಸಮನಾದ ನುಣುಪು ಗಾಜು.

ಓದಿ ಹೇಳುವ ತಂತ್ರಾಂಶವಿದೆಯಲ್ಲ ಎನ್ನುತ್ತಾರೆ. ಇದೆ. 2010ರ ಮೊದಲ ಐಪ್ಯಾಡಿನಲ್ಲೇ ಇತ್ತು, ಕಣ್ಣಿಲ್ಲದವರಿಗೆ ಅದರಿಂದ ದೊಡ್ಡ ಉಪಕಾರವೂ ಆಗಿದೆ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಬಾರಿ ಬಡಿದರೆ ಕೆಲಸ ಮಾಡುತ್ತದೆ. ಪತ್ರ ಓದಲು ಸೊಗಸು. ಆದರೆ ಹಾಡಿನ ನಡುವೆ ದನಿ ಸಣ್ಣ ಮಾಡಬೇಕೆಂದರೆ, ಆ ಹಾಡಿನ ಮೇಲೇ ಅದು “ವಾಲ್ಯೂಮ್, ನಲವತ್ತು ಪ್ರತಿಶತ” ಎಂದು ಮಾತಾಡುತ್ತದೆ. ಯಾವುದನ್ನು ಕಾಪಾಡಲು ಕೈ ಹಾಕಿದಿರೋ ಅದನ್ನೇ ಕೆಡಿಸಿದಂತಾಯಿತು. ಬಾಯಲ್ಲಿ ಹೇಳಿದರೆ ಕೇಳುವ ಪೆಟ್ಟಿಗೆಗಳ ಪಾಡೂ ಅಷ್ಟೇ, ದನಿ ಸಣ್ಣ ಮಾಡೆನ್ನಲು ನೀವು ಅದಕ್ಕಿಂತ ದೊಡ್ಡ ದನಿ ತೆಗೆಯಬೇಕು. ಒಂದು ತಿರುಗಣಿಗೆ ಈ ಯಾವ ಗೋಜೂ ಇಲ್ಲ. ಕತ್ತಲೆಯಲ್ಲಿ, ಹಿಟ್ಟಿನ ಕೈಯಲ್ಲಿ, ಕನ್ನಡಕ ಇಲ್ಲದೆ, ಅಕ್ಷರ ಬಾರದೆಯೂ ತಿರುವಬಹುದು. ಕಣ್ಣಿಲ್ಲದವರಿಗೆ ಆಗಿಬರುವ ವಸ್ತು ಕಣ್ಣಿದ್ದವರಿಗೂ ಆಗಿಬರುತ್ತದೆ. ರೊಟ್ಟಿ ಬಡಿಯುತ್ತಿರುವ ಹೆಂಗಸಿನ ಕಣ್ಣೂ ಆ ಹೊತ್ತಿಗೆ ತವೆಯ ಮೇಲಿರುತ್ತದೆ, ಗಾಜಿನ ಮೇಲಲ್ಲ.

ಮಗ ಇದಕ್ಕೆ ಒಪ್ಪಲಿಲ್ಲ. ಅವನ ವಾದವೂ ಹಗುರವಾದದ್ದಲ್ಲ. ತಿರುಗಣಿ ಒಂದೇ ಕಡೆ ಇರುತ್ತದೆ, ಅದರ ಹತ್ತಿರ ಕೂತವನೇ ಯಜಮಾನ. ಹಿಂದೆ ರೇಡಿಯೋದ ಕಿವಿ ಯಾರ ಕೈಯಲ್ಲಿತ್ತು, ಅಪ್ಪಾ? ನನ್ನ ತಂದೆಯ ಕೈಯಲ್ಲಿತ್ತು. ವಾರ್ತೆ ಮುಗಿಯುವ ತನಕ ಅವ್ವ ಒಂದು ಗೀಗೀ ಪದ ಕೇಳಿದವಳಲ್ಲ. ಟ್ಯಾಬ್ಲೆಟ್ ಇದ್ದರೆ ಮನೆಯ ಐದು ಮಂದಿ ಐದು ಫೋನಿನಿಂದಲೂ ಸರತಿಯ ಸಾಲಿಗೆ ಹಾಡು ಸೇರಿಸಬಹುದು. ಇದು ಪ್ರಜಾಪ್ರಭುತ್ವವಲ್ಲವೇ ಎಂದ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಸಹಕಾರಿ ಸಂಘ ಕಟ್ಟಿದರೆಂದು ಶಾಲೆಯಲ್ಲಿ ಓದಿದ ಹುಡುಗ, ಅದನ್ನೇ ನನ್ನ ಮೇಲೆ ತಿರುಗಿಸಿ ಬಿಟ್ಟ.

ಸಹಕಾರ ಅನ್ನುವುದಾದರೆ ಇನ್ನೊಂದು ಮಾತು ಸೇರಿಸಬೇಕು. ಹುಕುಂ ಕೊಡುವ ತಂತ್ರಾಂಶ ಯಾರದು? ಸೋನೋಸ್ 2024ರ ಮೇ ತಿಂಗಳಲ್ಲಿ ತನ್ನ ಆ್ಯಪನ್ನು ಬದಲಿಸಿದಾಗ ಮನೆಮನೆಯ ಸ್ಪೀಕರುಗಳ ಹಲವು ಸೌಲಭ್ಯಗಳು ರಾತ್ರೋರಾತ್ರಿ ಕಾಣೆಯಾದವು. ಗಿರಾಕಿಗಳ ಸಿಟ್ಟಿನ ನಡುವೆ 2025ರ ಜನವರಿಯಲ್ಲಿ ಅದರ ಮುಖ್ಯಸ್ಥರು ಕುರ್ಚಿ ಬಿಟ್ಟರು. ಸ್ಪೀಕರು ನಿಮ್ಮ ಗೋಡೆಯ ಮೇಲೆ, ಕಿವಿ ಬೇರೆಯವರ ದೇಶದಲ್ಲಿ. ಸ್ಲಿಮ್ ಡಿವೈಸಸ್ಸಿನ ಕಥೆ ಬೇರೆ. ಅದನ್ನು ಕೊಂಡ ಲಾಜಿಟೆಕ್ 2012ರಲ್ಲಿ ಆ ಪೆಟ್ಟಿಗೆಗಳನ್ನು ನಿಲ್ಲಿಸಿತು, ಆದರೆ ಉಗ್ರಾಣದ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಸುವವರೇ ಕೈಜೋಡಿಸಿ ಅದನ್ನು ಉಳಿಸಿಕೊಂಡರು. ಈಗ ಅದರ ಹೆಸರು ಲಿರಿಯನ್, ನಮ್ಮ ಮನೆಯಲ್ಲಿ ನಡೆಯುತ್ತಿರುವುದೂ ಅದೇ. ಕಣಗಿನಹಾಳದವರಿಗೆ ಇದು ಅರ್ಥವಾಗುತ್ತಿತ್ತು ಅಂದುಕೊಳ್ಳುತ್ತೇನೆ.

ಕರೆಂಟಿನ ವಿಷಯ ಎತ್ತದಿದ್ದರೆ ಈ ಕಡೆಯವರು ನನ್ನನ್ನು ನಂಬಲಾರರು. ಮುಂಡರಗಿ, ಕಪ್ಪತಗುಡ್ಡದ ಸುತ್ತ ಅಷ್ಟೊಂದು ಗಾಳಿಯಂತ್ರ ತಿರುಗುತ್ತಿದ್ದರೂ ನಮ್ಮ ಓಣಿಯಲ್ಲಿ ದೀಪ ಹೋಗುವುದು ತಪ್ಪಿಲ್ಲ. ಹೋಗಿ ಬಂದ ಮೇಲೆ ರೂಟರ್ ಏಳಬೇಕು, ಉಗ್ರಾಣ ಏಳಬೇಕು, ಪ್ಲೇಯರ್ ಏಳಬೇಕು, ಮೂವರೂ ಒಬ್ಬರನ್ನೊಬ್ಬರು ಗುರುತಿಸಬೇಕು. ಅಲ್ಲಿವರೆಗೆ ಟ್ಯಾಬ್ಲೆಟ್ ಬ್ಯಾಟರಿಯ ಮೇಲೆ ಥಳಥಳ ಹೊಳೆಯುತ್ತ, ಪ್ಲೇಯರ್ ಸಿಗುತ್ತಿಲ್ಲ ಎಂದು ಬರೆದು ತೋರಿಸುತ್ತಿರುತ್ತದೆ. ರಾಜ್ಯವಿಲ್ಲದ ರಾಜ. ಎರಡು ಸೆಲ್ಲಿನ ಟ್ರಾನ್ಸಿಸ್ಟರು ಅಷ್ಟರಲ್ಲಿ ಅರ್ಧ ವಾರ್ತೆ ಓದಿರುತ್ತದೆ.

ಕಡೆಗೆ ಅಡಿಗೆಮನೆಯ ಸ್ಪೀಕರಿಗೆ ಒಂದು ತಿರುಗಣಿ ಕೂಡಿಸಿದೆವು, ಹಳೆಯ ಆಂಪ್ಲಿಫೈಯರಿನದು, ಬಾಟಲಿ ಮುಚ್ಚಳದಷ್ಟು ದಪ್ಪ. ಅವ್ವನಿಗೆ ಸಮಾಧಾನವಾಯಿತು, ಹೊಸ ತಕರಾರೂ ಹುಟ್ಟಿತು. ಅವ್ವ ತಿರುಗಣಿಯಲ್ಲಿ ದನಿ ಇಳಿಸಿದ್ದು ಟ್ಯಾಬ್ಲೆಟ್ಟಿಗೆ ಗೊತ್ತಾಗುವುದಿಲ್ಲ. ಹಾಡು ಕೇಳಿಸುತ್ತಿಲ್ಲ ಎಂದು ಅಟ್ಟದಿಂದ ಯಾರಾದರೂ ಗಾಜಿನ ಮೇಲೆ ಏರಿಸುತ್ತಾರೆ, ಮರುದಿನ ನಸುಕಿನಲ್ಲಿ ಅವ್ವ ತಿರುಗಣಿ ಸ್ವಲ್ಪ ಬಲಕ್ಕೆ ಹೊರಳಿಸಿದ್ದೇ ತಡ, ತೋಡಿ ಓಣಿಯ ಬಾಯಿಗೆ ಬಂದು ನಿಲ್ಲುತ್ತದೆ. ಟ್ಯಾಬ್ಲೆಟ್ಟಿನ ದನಿಯನ್ನು ಒಂದೇ ಮಟ್ಟಕ್ಕೆ ಬೀಗ ಹಾಕಿ, ಏರಿಳಿತವನ್ನೆಲ್ಲ ತಿರುಗಣಿಗೇ ಬಿಡೋಣ ಎಂದು ನಾನು. ತಿರುಗಣಿ ಕಿತ್ತು ಅದರ ಜಾಗಕ್ಕೆ ಉಗ್ರಾಣಕ್ಕೇ ಸುದ್ದಿ ಮುಟ್ಟಿಸುವ ಇನ್ನೊಂದನ್ನು ತರಿಸೋಣ ಎಂದು ಮಗ. ಶ್ರಾವಣಕ್ಕೆ ಬಂದಾಗ ತೀರ್ಮಾನ ಅಂದಿದ್ದಾನೆ. ಅಲ್ಲಿಯ ತನಕ ತಿರುಗಣಿಯ ಎಡಕ್ಕೆ ಅವ್ವ ಕುಂಕುಮದಲ್ಲಿ ಒಂದು ಚುಕ್ಕೆ ಇಟ್ಟಿದ್ದಾಳೆ, ಅಲ್ಲಿಂದ ಆಚೆ ಯಾರೂ ದಾಟಬಾರದೆಂದು.